ಏಳನೆಯ ಮಹಡಿಯ ಸದ್ದು

ಪುಣೆ ಕ್ಯಾಂಪ್
೨೨ ನವೆಂಬರ್ ೧೯೯೮, ಭಾನುವಾರ

ಚಿರಂಜೀವಿ ಮಾಂತುವಿಗೆ,

ನಿನ್ನ ಅಕ್ಕ ರೇಣುವಿನ ಪ್ರೀತಿಯ ಆಶೀರ್ವಾದ. ನಾನಿಲ್ಲಿ ಗಟ್ಟಿಯಾಗಿದ್ದೇನೆ. ನೀನೂ ಗೋದಾಳೂ, ಗಂಡ ಹೆಂಡತಿ ಇಬ್ಬರೂ, ಬೆಳಗಾವಿಯಲ್ಲಿ ಹಾಗೆಯೇ ಇದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಗಣೇಶನ ಹಬ್ಬ ಮುಗಿದ ವಾರವೇ ಬಂದಿತ್ತು. ದೀಪಾವಳಿ ಕಳೆದು ಒಂದು ತಿಂಗಳಾದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದು ಹಾಕಿದೆ. ಸಿಟ್ಟಿನಲ್ಲಿ ಬರೆದದ್ದನ್ನು ನಿನಗೆ ಕಳಿಸಬಾರದು ಅನ್ನಿಸಿತು. ಈಗ ಸಿಟ್ಟು ಇಳಿದಿದೆ ಎಂದು ತಿಳಿಯಬೇಡ. ಅದನ್ನು ಹಿಡಿದಿಟ್ಟುಕೊಂಡು ಬರೆಯುವುದು ಬಂದಿದೆ, ಅಷ್ಟೇ. ತಡವಾದದ್ದಕ್ಕೆ ಬಯ್ಯಬೇಡ.

ಗೋದಾಳಿಗೆ ಶಾಲೆಯಲ್ಲಿ ಕೆಲಸ ಖಾಯಂ ಆಯಿತೆಂದು ಓದಿ ಹಿಗ್ಗಿದೆ. ಅಪ್ಪನ ಮಂಡಿನೋವಿನ ಬಗ್ಗೆಯೂ ಬರೆದಿದ್ದೀಯ. ಇಲ್ಲಿನ ರವಿವಾರ ಪೇಟೆಯಲ್ಲಿರುವ ಅವರ ಬಟ್ಟೆ ಅಂಗಡಿಗೂ ನನ್ನ ಈ ಕೋಣೆಗೂ ಅರ್ಧ ತಾಸಿನ ನಡಿಗೆ. ಆದರೂ ಅವರ ಮಂಡಿಯ ಸುದ್ದಿ ನನಗೆ ಬೆಳಗಾವಿಯಿಂದ ಬರಬೇಕು. ನಾನು ಹುಡುಗರ ಜೊತೆ ಸ್ಟೇಜ್ ಹತ್ತಿ ರಾಕ್ ಬ್ಯಾಂಡಿನಲ್ಲಿ ಗಿಟಾರ್ ಬಾರಿಸುತ್ತೇನೆಂದು ತಿಳಿದು ವರನ ಕಡೆಯವರು ಚಹಾ ಕೂಡ ಮುಟ್ಟದೆ ಎದ್ದುಹೋದ ದಿನ, 'ಗಿಟಾರ್ ಬಿಡು, ಇಲ್ಲಾ ಮನಿ ಬಿಡು' ಅಂದಿದ್ದರಲ್ಲ ಅಪ್ಪ, ಒಂಬತ್ತು ವರ್ಷವಾಯಿತು ಅದಕ್ಕೆ. ಯಾವುದನ್ನು ಬಿಟ್ಟೆನೆಂದು ನಿನಗೆ ಗೊತ್ತೇ ಇದೆ.

ಈಗ ನೀನು ಕೇಳಿದ ವಿಷಯಕ್ಕೆ ಬರುತ್ತೇನೆ. ನಿನ್ನ ಪತ್ರದ ಜೊತೆ ಪತ್ರಿಕೆಯ ತುಂಡೊಂದನ್ನು ಇಟ್ಟಿದ್ದೆ. 'ಪುಣೆ: ಚಿತ್ರ ಪ್ರದರ್ಶನಕ್ಕೆ ಗಿಟಾರ್ ಮಹಿಳೆಯಿಂದ ಅಡ್ಡಿ.' ಅದರ ಕೆಳಗೆ ಪೆನ್ಸಿಲ್ಲಿನಲ್ಲಿ, 'ಅಕ್ಕಾ, ಇದು ಖರೇ ಏನು?' ಎಂದು ಬರೆದಿದ್ದೆ. ಅಡ್ಡಿ ಎಂಬುದೊಂದು ಸುಳ್ಳು. ಉಳಿದದ್ದೆಲ್ಲ ಖರೆ. ಹೇಗಾಯಿತೆಂದು ಮೊದಲಿನಿಂದ ಹೇಳುತ್ತೇನೆ, ಸಮಾಧಾನದಿಂದ ಓದು.

ನಾನು ಕೆಲಸ ಮಾಡುತ್ತಿದ್ದ ವಾದ್ಯಗಳ ಅಂಗಡಿ ನಿನಗೆ ನೆನಪಿರಬೇಕು. ಕಳೆದ ವರ್ಷ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಸ್ನೇಹಲ್ ಎಂಬ ಹುಡುಗಿ ಅಲ್ಲಿಗೆ ಬಂದಳು. ಹುಡುಗಿ ಎಂದರೆ ಇಪ್ಪತ್ತೇಳು ವರ್ಷದವಳು, ಚಿತ್ರ ತೆಗೆಯುವುದನ್ನು ಓದಿ ಕಲಿತವಳು. ನಮ್ಮ ಬ್ಯಾಂಡು ಒಡೆದು ನಾಲ್ಕು ವರ್ಷವಾಗಿದ್ದರೂ ಕಾಲೇಜಿನಲ್ಲಿದ್ದಾಗ ನನ್ನ ಗಿಟಾರ್ ಕೇಳಿದ್ದನ್ನು ಅವಳು ಮರೆತಿರಲಿಲ್ಲ. ತಾನೊಂದು ಚಿತ್ರ ತೆಗೆದಿದ್ದೇನೆ, ಅದಕ್ಕೆ ಸಂಗೀತ ಬೇಕು ಎಂದಳು. ಅವಳು ಮರಾಠಿಯವಳು, ನಮ್ಮ ಮಾತೆಲ್ಲ ಮರಾಠಿಯಲ್ಲೇ ನಡೆಯುತ್ತದೆ.

'ಸಂಗೀತ ಮಾಡುವವರು ಪುಣೆಯಲ್ಲಿ ಸಂದಿಗೊಬ್ಬರಿದ್ದಾರೆ, ನನ್ನನ್ನು ಯಾಕೆ ಹುಡುಕಿಕೊಂಡು ಬಂದೆ?' ಎಂದು ಕೇಳಿದೆ.

'ಮೊದಲು ಚಿತ್ರ ನೋಡು, ಆಮೇಲೆ ಕೇಳು' ಎಂದಳು.

ತನ್ನ ಕೋಣೆಯ ಗೋಡೆಯ ಮೇಲೆ ತೋರಿಸಿದಳು. ನಲವತ್ತನಾಲ್ಕು ನಿಮಿಷ, ಕಪ್ಪು ಬಿಳುಪು, ಒಂದೂ ಮಾತಿಲ್ಲ. ವಿಮಾನ ನಗರದಲ್ಲಿ ಕಟ್ಟುತ್ತಿರುವ ಏಳು ಮಹಡಿಯ ಕಟ್ಟಡಕ್ಕೆ ಒಬ್ಬ ಹೆಂಗಸು ತಲೆಯ ಮೇಲೆ ಮರಳಿನ ಬುಟ್ಟಿ ಹೊತ್ತು ಹತ್ತುತ್ತಾಳೆ. ಮೇಲೆ ಸುರಿಯುತ್ತಾಳೆ, ಇಳಿಯುತ್ತಾಳೆ, ಮತ್ತೆ ಹತ್ತುತ್ತಾಳೆ. ಅಷ್ಟೇ. ಕ್ಯಾಮೆರಾ ಅವಳ ಬೆನ್ನ ಹಿಂದೆಯೇ ಹೋಗುತ್ತದೆ. ಮೊದಲ ಐದು ನಿಮಿಷ ನನಗೆ ಬೇಸರವಾಯಿತು. ಹತ್ತನೆಯ ನಿಮಿಷಕ್ಕೆ ನನ್ನ ಕುತ್ತಿಗೆ ಬಿಗಿಯತೊಡಗಿತು. ಮುಗಿದಾಗ ನಾನು ಕುರ್ಚಿಯ ತುದಿಯಲ್ಲಿ ಕೂತಿದ್ದೆ.

ಮರುವಾರ ಟೇಪ್ ರೆಕಾರ್ಡರ್ ಹಿಡಿದು ವಿಮಾನ ನಗರಕ್ಕೆ ಹೋದೆ. ಆ ಹೆಂಗಸಿನ ಹೆಸರು ಕೃಷ್ಣಾಬಾಯಿ. ಮೇಸ್ತ್ರಿಯ ಜೊತೆ ಹರಕು ಮುರುಕು ಹಿಂದಿಯಲ್ಲಿ ಮಾತಾಡುತ್ತಿದ್ದಳು. ಪಕ್ಕದವಳಿಗೆ 'ಬುಟ್ಟಿ ಎತ್ತವ್ವಾ' ಅಂದದ್ದು ನನ್ನ ಕಿವಿಗೆ ಬಿತ್ತು. 'ಯಾ ಊರವ್ವಾ ನಿಮ್ದು?' ಅಂದೆ. ಬುಟ್ಟಿ ಕೆಳಗಿಟ್ಟುಬಿಟ್ಟಳು.

'ಅಫಜಲಪುರ ಕಡೀಂದ್ರಿ ಅಕ್ಕೋರ. ನೀವು ನಮ್ಮ ಮಂದೀನಽ ಏನ್ರಿ? ಇಲ್ಲಿಗಿ ಬಂದು ಆರು ವರ್ಷ ಆಯ್ತು, ದೊಡ್ಡ ಮಂದಿ ಯಾರೂ ನನ್ನ ಕೂಡ ನಮ್ಮ ಮಾತು ಆಡಿಲ್ರಿ.'

ಎಷ್ಟು ಸಲ ಹತ್ತುತ್ತೀ ಎಂದು ಕೇಳಿದರೆ ನಕ್ಕಳು. 'ಎಣಿಸಿದರ ಕಾಲು ಬರಂಗಿಲ್ರಿ' ಅಂದಳು. ಸರಿ, ನಾನೂ ಒಂದು ಬುಟ್ಟಿ ಹೊರುತ್ತೇನೆ ಎಂದು ಹಟ ಹಿಡಿದೆ. ಅರ್ಧ ಬುಟ್ಟಿ ತುಂಬಿಸಿ ತಲೆಯ ಮೇಲಿಟ್ಟರು. ಮಾಂತು, ನಿನ್ನ ಅಕ್ಕ ಮೂರನೆಯ ಮಹಡಿಯಲ್ಲಿ ಕೂತುಬಿಟ್ಟಳು. ಮಂದಿ ನಗುತ್ತಿದ್ದರಂತೆ, ನನಗೆ ಕೇಳಿಸಲಿಲ್ಲ. ಕಿವಿಯೊಳಗೆ ಒಂದೇ ಸದ್ದು, ನೀರಿನ ಮೋಟಾರು ಶುರುವಾದ ಹಾಗೆ, ತಗ್ಗು ದನಿಯಲ್ಲಿ, ಬಿಡದೆ. ನನ್ನ ರಕ್ತದ ಸದ್ದು ಅದು. ಈ ಚಿತ್ರಕ್ಕೆ ಯಾವ ರಾಗವೂ ಬೇಡ, ಇದು ಬೇಕು ಎಂದು ಅಲ್ಲೇ ನಿರ್ಧರಿಸಿದೆ.

ಎರಡು ತಿಂಗಳು ಅದರ ಬೆನ್ನು ಹತ್ತಿದೆ. ಗಿಟಾರಿನ ಅತಿ ದಪ್ಪ ತಂತಿಯನ್ನು ಸಡಿಲ ಮಾಡುತ್ತಾ ಹೋದೆ, ಅದು ಜೋತುಬೀಳುವವರೆಗೆ. ಕೃಷ್ಣಾಬಾಯಿಯ ಕಟ್ಟಡದಿಂದಲೇ ತಂದ ಕಬ್ಬಿಣದ ಸಳಿಯ ತುಂಡಿನಿಂದ ಅದನ್ನು ಬಾರಿಸಿದೆ. ನನ್ನ ಆಂಪ್ಲಿಫೈಯರಿನ ಸ್ಪೀಕರ್ ಹರಿದು ಎರಡು ವರ್ಷವಾಗಿತ್ತು. ಅದರ ಗೊರಗೊರ ನನಗೆ ಬೇಕೆಂದೇ ರಿಪೇರಿ ಮಾಡಿಸಲಿಲ್ಲ. ಮೊದಲ ಹನ್ನೊಂದು ನಿಮಿಷ ಒಂದೇ ಸ್ವರ. ಮಹಡಿ ಮಹಡಿಗೆ ಅದು ದಪ್ಪವಾಗುತ್ತಾ ಬರುತ್ತದೆ. ಏಳನೆಯದರಲ್ಲಿ ಅವಳು ಬುಟ್ಟಿ ಸುರಿದು ಸೊಂಟ ನೆಟ್ಟಗೆ ಮಾಡಿದಾಗ ಎಲ್ಲವೂ ನಿಂತುಹೋಗುತ್ತದೆ, ಏನೂ ಇಲ್ಲ. ಆ ನಿಶ್ಶಬ್ದ ನನ್ನ ಜೀವನದಲ್ಲೇ ನಾನು ಮಾಡಿದ ಅತ್ಯುತ್ತಮ ಸಂಗೀತ. ಹದಿನೈದು ವರ್ಷದವಳಿದ್ದಾಗಿನಿಂದ ಇದಕ್ಕೇ ಬೆರಳು ಸವೆಸಿದ್ದೆನೇನೋ ಅನ್ನಿಸಿತು.

ಸಂಗೀತ ಸೇರಿಸಿ ಚಿತ್ರದ ಕೊನೆಯ ಪ್ರತಿ ಮಾಡಿಸಲು ಸ್ನೇಹಲ್‌ಗೆ ಇಲ್ಲಿನ ಒಂದು ಸಾಂಸ್ಕೃತಿಕ ಟ್ರಸ್ಟ್ ಬೆಂಬಲ ಕೊಡುವುದಾಗಿ ಹೇಳಿತ್ತು. ಅದರ ಕಾರ್ಯದರ್ಶಿ ಕೃಷ್ಣಾಜಿ ಎಂಬುವರು. ಕೆಟ್ಟ ಮನುಷ್ಯರಲ್ಲ, ಸಂಗೀತ ಬಲ್ಲವರು, ನಮಗೆ ತಾವೇ ಚಹಾ ಬಸಿದು ಕೊಟ್ಟರು. ಟೇಪನ್ನು ಪೂರ್ತಿ ಕೇಳಿದರು. ಕೇಳಿ ಕನ್ನಡಕ ತೆಗೆದು ಒರೆಸಿಕೊಂಡರು.

'ರೇಣುತಾಯಿ, ನೀವು ಪ್ರತಿಭಾವಂತರು. ಆದರೆ ಇದು ಸಿಮೆಂಟ್ ಕಲೆಸುವ ಮಿಶಿನ್ನಿನ ಸದ್ದು. ಆ ಬಡ ಹೆಣ್ಣುಮಗಳನ್ನು ನೋಡಿ ಜನರ ಮನಸ್ಸು ಕರಗಬೇಕು. ಕೊಳಲು ಹಾಕೋಣ, ಸ್ವಲ್ಪ ಸಂತೂರ್. ಟಿವಿಯವರೂ ತೆಗೆದುಕೊಳ್ಳುತ್ತಾರೆ' ಎಂದರು.

'ಅವಳ ಬೆನ್ನು ಕೊಳಲಿನ ಹಾಗೆ ನೋಯುತ್ತದೆಯೇನು?' ಅಂದೆ.

'ನೋಯುವುದನ್ನೇ ಕೇಳಿಸಿದರೆ ಯಾರು ಕೂತಾರು?'

'ಅವಳು ದಿನಾ ಹೊರುವುದನ್ನು ನೀವು ನಲವತ್ತನಾಲ್ಕು ನಿಮಿಷ ಕೂತು ಕೇಳಲಾರಿರಾ?'

ಅವರು ಸಿಟ್ಟಾಗಲಿಲ್ಲ. ಸಂಗೀತ ಬದಲಾದರೆ ಪ್ರತಿ ಮಾಡಿಸುತ್ತೇವೆ, ಇಲ್ಲವಾದರೆ ಇಲ್ಲ, ಎಂದು ಸ್ನೇಹಲ್‌ಗೆ ಮೆತ್ತಗೆ ಹೇಳಿ ಮಾತು ಮುಗಿಸಿದರು.

ಸ್ನೇಹಲ್ ಒಂದು ವಾರ ಅತ್ತಳು. ಆಮೇಲೆ ಒಪ್ಪಿಕೊಂಡಳು. ನನ್ನ ಕೋಣೆಗೆ ಬಂದು, 'ಡಬ್ಬಿಯಲ್ಲಿ ಕೊಳೆಯುವುದಕ್ಕಿಂತ ಕೊಳಲಿನ ಜೊತೆಯಾದರೂ ಹೊರಗೆ ಬರಲಿ. ನಾನು ಈ ಚಿತ್ರಕ್ಕೆ ಮೂರು ವರ್ಷ ಕೊಟ್ಟಿದ್ದೇನೆ ರೇಣು' ಎಂದಳು. ಅವಳ ಸಂಕಟ ನನಗೆ ಅರ್ಥವಾಗಲಿಲ್ಲ ಅಂತಲ್ಲ. ಆದರೂ ಬಾಯಿಗೆ ಬಂದಂತೆ ಬಯ್ದೆ. 'ನಿನ್ನ ಚಿತ್ರ ನೀನು ಏನಾದರೂ ಮಾಡಿಕೊ, ನನ್ನ ಹೆಸರು ತೆಗೆ' ಎಂದೆ. ಬಾಗಿಲನ್ನು ದಢಾರನೆ ಹಾಕಿಕೊಂಡೆ. ನನ್ನ ಕೋಣೆಯ ಬಾಗಿಲೇ ಅದು, ಅವಳು ಹೊರಗೆ, ನಾನು ಒಳಗೆ.

ಆಗಸ್ಟ್ ಹದಿನಾರು, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಟ್ರಸ್ಟಿನ ವಾರ್ಷಿಕ ಕಾರ್ಯಕ್ರಮ. ಅಲ್ಲಿ ಚಿತ್ರ ತೋರಿಸುವುದೆಂದು, ಹೊಸ ಸಂಗೀತವನ್ನು ಸದ್ಯ ಬೇರೆ ಟೇಪಿನಿಂದ ಹಾಕುವುದೆಂದು ಕೇಳಿದೆ. ಕೃಷ್ಣಾಬಾಯಿಯನ್ನು ವೇದಿಕೆಗೆ ಕರೆದು ಸೀರೆ ಕೊಡುವವರಿದ್ದರು. ಅವಳನ್ನು ಕರೆತರುವ ಕೆಲಸವನ್ನು ಟ್ರಸ್ಟಿನವರಲ್ಲಿ ನಾನೇ ಕೇಳಿ ತೆಗೆದುಕೊಂಡೆ. ನಿನಗೆ ಸುಳ್ಳು ಹೇಳುವುದಿಲ್ಲ, ತಯಾರಾಗಿಯೇ ಹೋಗಿದ್ದೆ. ಬೆಳಿಗ್ಗೆ ಎಂಟಕ್ಕೇ ಆಟೋದಲ್ಲಿ ಆಂಪ್ಲಿಫೈಯರ್, ಗಿಟಾರ್ ಹೇರಿಕೊಂಡು ಹೋಗಿ ವೇದಿಕೆಯ ಪರದೆಯ ಹಿಂದೆ ಇಟ್ಟು ಬಂದೆ. ಧೈರ್ಯ ಬಾರದಿದ್ದರೆ ಸುಮ್ಮನೆ ವಾಪಸು ತರುವುದು ಎಂದುಕೊಂಡಿದ್ದೆ.

ನೂರಿಪ್ಪತ್ತು ಮಂದಿ ಇದ್ದರು. ನಾನೂ ಕೃಷ್ಣಾಬಾಯಿಯೂ ಮೊದಲ ಸಾಲಿನಲ್ಲಿ. ಪರದೆಯ ಮೇಲೆ ತನ್ನನ್ನೇ ಅಷ್ಟೆತ್ತರ ನೋಡಿ ಅವಳು ನನ್ನ ಕೈ ಹಿಡಿದುಕೊಂಡಳು. ಕೊಳಲು ಶುರುವಾಯಿತು. ಚೆನ್ನಾಗಿಯೇ ಇತ್ತು ಎನ್ನಬೇಕು, ನುಡಿಸಿದವರು ಪಳಗಿದ ಕೈಯವರು. ಹಿಂದಿನ ಸಾಲಿನಲ್ಲಿ ಯಾರೋ 'ಛಾನ್!' ಎಂದು ಮೆಚ್ಚಿಕೊಂಡರು. ಹತ್ತು ಹನ್ನೆರಡು ನಿಮಿಷವಾಗಿರಬೇಕು. ಕೃಷ್ಣಾಬಾಯಿ ನನ್ನ ಕಿವಿಯ ಹತ್ತಿರ ಬಾಗಿ, ನಿಜವಾಗಿ ತಿಳಿಯದೆ ಕೇಳಿದಳು:

'ಅಕ್ಕೋರ, ಇದು ಯಾರ ಮದುವೀರಿ?'

ನಾನು ಎದ್ದೆ. ವೇದಿಕೆಯ ಎಡಕ್ಕಿದ್ದ ಟೇಪ್ ಮಿಶಿನ್ನಿನ ವೈರು ಕಿತ್ತೆ. ಕೊಳಲು ಅರ್ಧಕ್ಕೇ ಹೋಯಿತು. ಆಂಪ್ಲಿಫೈಯರನ್ನು ಪರದೆಯ ಮುಂದಕ್ಕೆ ಎಳೆದು, ಗಿಟಾರ್ ಹೆಗಲಿಗೇರಿಸಿ, ಆ ತಂತಿಯನ್ನು ಬಾರಿಸಿದೆ. ಸಭಾಗೃಹದ ಕಿಟಕಿಯ ಗಾಜು ನಡುಗಿದ್ದು ನನ್ನ ಕಾಲಿಗೆ ಗೊತ್ತಾಯಿತು.

ಗದ್ದಲವೆದ್ದಿತು. ಕೃಷ್ಣಾಜಿ 'ಬಂದ್ ಕರಾ! ಬಂದ್ ಕರಾ!' ಎಂದು ಕೂಗುತ್ತಾ ಪ್ರೊಜೆಕ್ಟರಿನ ಕಡೆಗೆ ಧಾವಿಸಿದರು. ಚಿತ್ರ ನಿಂತಿದ್ದರೆ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪ್ರೊಜೆಕ್ಟರಿನ ಮುಂದೆ ಸ್ನೇಹಲ್ ನಿಂತಿದ್ದಳು. ಎರಡೂ ಕೈ ಚಾಚಿಕೊಂಡು, ಮುಖ ಬಿಳಿಚಿಕೊಂಡು, 'ಇದು ನನ್ನ ಚಿತ್ರ, ಯಾರೂ ಮುಟ್ಟಬಾರದು' ಎಂದಳು. ನಮ್ಮಿಬ್ಬರ ನಡುವೆ ನಾಲ್ಕು ತಿಂಗಳಿಂದ ಮಾತಿರಲಿಲ್ಲ, ನೆನಪಿಡು.

ಉಳಿದ ಮೂವತ್ತೆರಡು ನಿಮಿಷ ಬಾರಿಸಿದೆ. ಮಂದಿ ಕಿವಿ ಮುಚ್ಚಿಕೊಂಡು ಎದ್ದು ಹೋದರು, ಒಬ್ಬರಾದ ಮೇಲೊಬ್ಬರು, ಕುರ್ಚಿಗಳನ್ನು ಬೇಕೆಂದೇ ಸದ್ದು ಮಾಡುತ್ತಾ. ಅರ್ಧಕ್ಕರ್ಧ ಖಾಲಿಯಾಯಿತು. ನಾನು ಪರದೆ ಬಿಟ್ಟು ಬೇರೆಲ್ಲೂ ನೋಡಲಿಲ್ಲ. ಅವಳ ಹಿಮ್ಮಡಿ ಮೆಟ್ಟಿಲು ಮುಟ್ಟುವುದಕ್ಕೂ ನನ್ನ ಸಳಿ ತಂತಿ ಮುಟ್ಟುವುದಕ್ಕೂ ಒಂದೇ ಗಳಿಗೆ. ಕೊನೆಯ ಸಲ ಏಳನೆಯ ಮಹಡಿ ಬಂದು ನಾನು ಕೈ ನಿಲ್ಲಿಸಿದಾಗ, ಉಳಿದವರಲ್ಲಿ ಯಾರೂ ಕೆಮ್ಮಲಿಲ್ಲ ಕೂಡ.

ದೀಪ ಹಾಕಿದರು. ಕೃಷ್ಣಾಜಿ ವೇದಿಕೆಗೆ ಬಂದು ಸಭಿಕರ ಕ್ಷಮೆ ಕೇಳಿದರು. ಆಮೇಲೆ, ನನ್ನನ್ನು ಎಲ್ಲರೆದುರು ಸೋಲಿಸಬೇಕೆಂದೋ ಏನೋ, ಕೃಷ್ಣಾಬಾಯಿಯನ್ನು ಮೇಲೆ ಕರೆದರು. 'ಬಾಯಿ, ನೀವೇ ಹೇಳಿ, ನಿಮಗೆ ಯಾವುದು ಹಿಡಿಸಿತು, ಮೊದಲಿನದೋ ಆಮೇಲಿನದೋ?' ಎಂದು ಮರಾಠಿಯಲ್ಲಿ ಕೇಳಿದರು. ಅವಳು ಹೆದರಿ ಕನ್ನಡಕ್ಕೆ ತಿರುಗಿದಳು. ನಾನು ಮರಾಠಿಯಲ್ಲಿ ಹೇಳಿದರೆ ಅವರು ನಂಬುತ್ತಿರಲಿಲ್ಲ. ಪುಣ್ಯಕ್ಕೆ ಲಕ್ಷ್ಮೀ ರಸ್ತೆಯ ಸೀರೆ ವ್ಯಾಪಾರಿ ರಾಮಲಿಂಗಪ್ಪನವರು ಸಭೆಯಲ್ಲಿದ್ದರು. ಟ್ರಸ್ಟಿನವರಿಗೆ ಬೇಕಾದವರು. 'ಹೇಳವ್ವಾ, ನಾ ಅವರಿಗಿ ತಿಳಿಸ್ತೀನಿ' ಎಂದು ಎದ್ದು ನಿಂತರು.

ಕೃಷ್ಣಾಬಾಯಿ ಸೆರಗು ಸರಿಮಾಡಿಕೊಂಡಳು. 'ಮೊದಲಿಂದು ಕೇಳಾಕ ಛಂದ ಇತ್ರಿ. ಖರೆ ಅದರಾಗ ಬುಟ್ಟಿಗಿ ಭಾರ ಇರ್ಲಿಲ್ಲ' ಎಂದಳು. ನನ್ನ ಕಡೆ ಕೈ ತೋರಿಸಿ, 'ಈ ಅಕ್ಕೋರು ಬಾರಿಸಿದ್ದು ಸಂಜೀ ಮುಂದ ನನ್ನ ತಲ್ಯಾಗ ಆಗೋದಽ ಐತ್ರಿ. ಅದು ಇವರಿಗಿ ಹ್ಯಾಂಗ ಕೇಳಿಸ್ತೋ ಗೊತ್ತಿಲ್ಲ' ಎಂದಳು.

ರಾಮಲಿಂಗಪ್ಪನವರು ಒಂದಕ್ಷರ ಬಿಡದೆ ಮರಾಠಿಯಲ್ಲಿ ಹೇಳಿದರು. ಕೃಷ್ಣಾಜಿ ಮತ್ತೆ ಕನ್ನಡಕ ತೆಗೆದು ಒರೆಸಿಕೊಂಡರು.

ಇದರಿಂದ ಎಲ್ಲರ ಮನಸ್ಸೂ ತಿರುಗಿತೆಂದು ತಿಳಿಯಬೇಡ. ಟ್ರಸ್ಟು ಚಿತ್ರದಿಂದ ಕೈ ತೊಳೆದುಕೊಂಡಿತು. 'ನಿಮ್ಮ ಮೊಂಡುತನ ಒಂದು ಒಳ್ಳೆಯ ಚಿತ್ರವನ್ನು ಕೊಂದಿತು' ಎಂದು ಕೃಷ್ಣಾಜಿ ನನಗೆ ಕಾಗದ ಬರೆದರು, ಬಹಳ ಅಂದವಾದ ಅಕ್ಷರದಲ್ಲಿ. ನಮ್ಮ ಅಂಗಡಿಯ ಮಾಲೀಕರು, 'ಅವರು ನಮ್ಮ ಹಳೆಯ ಗಿರಾಕಿ, ಎರಡು ಸಾಲು ಕ್ಷಮಾಪಣೆ ಬರೆದುಕೊಡು' ಎಂದರು. ಬರೆಯುವುದಿಲ್ಲ ಎಂದೆ. ಹಾಗಾದರೆ ನಾಳೆಯಿಂದ ಬರಬೇಡ ಎಂದರು. ಏಳು ವರ್ಷ ಅಲ್ಲಿ ಇತರರ ಗಿಟಾರುಗಳಿಗೆ ಶ್ರುತಿ ಹಚ್ಚಿದ್ದೆ. ನನ್ನ ಚಹಾದ ಕಪ್ಪು ತೆಗೆದುಕೊಂಡು ಇಳಿದು ಬಂದೆ. ಈಗ ಕೋಣೆಯಲ್ಲೇ ಒಂಬತ್ತು ಮಂದಿಗೆ ಪಾಠ ಹೇಳುತ್ತೇನೆ. ಅವರಲ್ಲಿ ಐದು ಹೆಣ್ಣುಮಕ್ಕಳು. ಊಟಕ್ಕೆ ತೊಂದರೆಯಿಲ್ಲ, ಆ ಚಿಂತೆ ನೀನು ಮಾಡಬೇಡ.

ಸ್ನೇಹಲ್ ನನ್ನ ಕ್ಷಮೆ ಕೇಳಲಿಲ್ಲ, ನಾನೂ ಅವಳ ಕ್ಷಮೆ ಕೇಳಲಿಲ್ಲ. ಮೂರನೆಯ ದಿನ ಬಂದು, 'ಸಂಗೀತ ಸೇರಿಸಿದ ಪ್ರತಿ ಇಲ್ಲದಿದ್ದರೆ ಇಲ್ಲ. ಪ್ರತಿಸಲ ನೀನೇ ಬಂದು ಬಾರಿಸುತ್ತೀಯಾ?' ಎಂದಳು. ಮೊದಲು ಬಾರಿಸಿದ್ದು ಎಲ್ಲಿ ಗೊತ್ತೇ? ಅದೇ ಕಟ್ಟಡದ ತಳಮಹಡಿಯಲ್ಲಿ, ಫ್ಲಾಟಿನವರು ಒಳಗೆ ಬರುವ ಮುಂಚೆ. ಕೆಲಸ ಬಿಟ್ಟ ಮೇಲೆ ಸಂಜೆ ಅರವತ್ತು ಎಪ್ಪತ್ತು ಕೂಲಿಯವರು ಸೇರಿದ್ದರು. ನಡುವೆ ತಲೆಯ ಮೇಲೆ ವಿಮಾನ ಹೋದಾಗ ನನ್ನ ತಂತಿಯೂ ಅದೂ ಸೇರಿಕೊಂಡವು. ಕೃಷ್ಣಾಬಾಯಿ ಈ ಸಲ ಪರದೆಯನ್ನು ನೋಡಲೇ ಇಲ್ಲ, ತನ್ನನ್ನು ನೋಡುತ್ತಿದ್ದವರ ಮುಖ ನೋಡುತ್ತಾ ಕೂತಿದ್ದಳು. ಅದರ ನಂತರ ಎರಡು ಕಾಲೇಜುಗಳಲ್ಲಿ ತೋರಿಸಿದೆವು, ಸಾಂಗ್ಲಿಯ ಫಿಲ್ಮ್ ಸೊಸೈಟಿಯಲ್ಲಿ ಒಮ್ಮೆ. ಎಲ್ಲ ಕಡೆ ಕೆಲವರು ಎದ್ದು ಹೋಗುತ್ತಾರೆ. ಹೋಗಲಿ. ಅವರಿಗಾಗಿ ನಾನು ಸ್ವರ ತಗ್ಗಿಸುವುದಿಲ್ಲ.

ಡಿಸೆಂಬರ್ ಇಪ್ಪತ್ತರಂದು ನಿನ್ನ ಊರಿಗೇ ಬರುತ್ತಿದ್ದೇವೆ. ಬೆಳಗಾವಿಯ ಒಂದು ಕಾಲೇಜಿನವರು ಕರೆದಿದ್ದಾರೆ. ಹಿಂದಿನ ದಿನ ಸ್ವಾರಗೇಟದಿಂದ ಬೆಳಗಿನ ಬಸ್ಸು ಹಿಡಿಯುತ್ತೇವೆ. ನೀನೂ ಗೋದಾಳೂ ಮುಂದಿನ ಸಾಲಿನಲ್ಲಿ ಕೂಡಬೇಕು. ಕಿವಿಗೆ ಹತ್ತಿ ಇಟ್ಟುಕೊಂಡರೆ ನನಗೆ ಬೇಸರವಿಲ್ಲ. ಎದ್ದು ಹೋದರೆ ಮಾತ್ರ ಮನೆಗೆ ಬಂದು ಜಗಳ ಮಾಡುತ್ತೇನೆ.

ಗೋದಾಳಿಗೆ ನನ್ನ ಶುಭಾಶಯ ಹೇಳು. ಅವಳ ಶಾಲೆಯ ಮಕ್ಕಳು ಅವಳ ಮಾತು ಕೇಳಲಿ, ನಿನ್ನ ಆಫೀಸಿನವರು ನಿನ್ನನ್ನು ಊರೂರು ಅಲೆಸದಿರಲಿ. ನಿಮ್ಮಿಬ್ಬರ ಮನೆಯಲ್ಲಿ ನಗು ತುಂಬಿರಲಿ ಎಂದು ಹರಸುವ,

ನಿನ್ನ ಅಕ್ಕ
ರೇಣು

ತಾ.ಕ.: ಲಕೋಟೆ ಅಂಟಿಸಿದ್ದವಳು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮೂರು ಸಲ ಹರಿದದ್ದು ಇದೇ ಭಾಗ.

ಆ ಭಾನುವಾರ ಅಪ್ಪ ಅಲ್ಲಿದ್ದರು. ಪೇಟೆಯ ವ್ಯಾಪಾರಿಗಳಿಗೆಲ್ಲ ಟ್ರಸ್ಟಿನ ಆಮಂತ್ರಣ ಹೋಗಿತ್ತು, ಅದಕ್ಕೆ ಬಂದಿದ್ದರೋ, ನಾನಿರುತ್ತೇನೆಂದು ಬಂದಿದ್ದರೋ ತಿಳಿಯದು. ಕಟ್ಟಕಡೆಯ ಸಾಲಿನಲ್ಲಿ ಕೂತಿದ್ದರಂತೆ. ಅಷ್ಟು ಮಂದಿ ಎದ್ದು ಹೋದರೂ ಅವರು ಕೊನೆಯವರೆಗೂ ಕೂತಿದ್ದರೆಂದು, ಆಮೇಲೆ ನಾನು ಅವರ ಗುರುತು ಹೇಳಿದಾಗ, ಸ್ನೇಹಲ್ ನೆನಪಿಸಿಕೊಂಡು ಹೇಳಿದಳು. ಎಲ್ಲ ಮುಗಿದ ಮೇಲೆ ನಾನು ಆಂಪ್ಲಿಫೈಯರ್ ಹೊತ್ತು ಬಾಗಿಲ ಕಡೆಗೆ ಬರುತ್ತಿದ್ದೆ. ಬಾಗಿಲಲ್ಲಿ ನನಗೆ ಬೆನ್ನು ಮಾಡಿ ಅವರೂ ರಾಮಲಿಂಗಪ್ಪನವರೂ ನಿಂತಿದ್ದರು.

'ಫಕೀರಪ್ಪನವರ, ಬಾರಿಸಿದಾಕಿ ನಿಮ್ಮ ಮಗಳಲ್ಲೇನ್ರಿ?' ಎಂದು ರಾಮಲಿಂಗಪ್ಪನವರು ಕೇಳಿದರು. ಹಂಗಿಸುವ ದನಿಯಲ್ಲ, ಮೆಚ್ಚಿಕೊಂಡೇ ಕೇಳಿದ್ದು.

'ಅಲ್ರಿ. ನನಗ ಒಬ್ಬನಽ ಮಗ. ಬೆಳಗಾವ್ಯಾಗ ಇರ್ತಾನ' ಎಂದರು ಅಪ್ಪ.

ಹಾಗೆಂದು ತಿರುಗಿದರು. ನನ್ನನ್ನು ನೋಡಿದರು. ನಾನು ಕೇಳಿಸಿಕೊಂಡೆನೆಂದು ಅವರಿಗೆ ಗೊತ್ತಾಯಿತು. ಭಾರ ಹೊತ್ತು ಬರುವ ಯಾರೋ ಗುರುತಿಲ್ಲದವಳಿಗೆ ದಾರಿ ಬಿಡುವ ಹಾಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ನಾನು ದಾಟಿ ಬಂದೆ.

ಇದಕ್ಕಾಗಿ ನೀನು ಅವರ ಜೊತೆ ಜಗಳ ತೆಗೆಯಬೇಡ, ಕೇಳಲೂ ಬೇಡ. ಆದರೆ ಬೆಳಗಾವಿಯ ಕಾಲೇಜಿನವರು ಪೋಸ್ಟರಿಗೆ ಹೆಸರು ಕೇಳಿದ್ದರು. ಇಷ್ಟು ವರ್ಷ ಎಲ್ಲ ಕಡೆ ಬರೀ 'ರೇಣು' ಎಂದು ಕೊಡುತ್ತಿದ್ದೆ. ಈ ಸಲ ಪೂರ್ತಿ ಬರೆದು ಕಳಿಸಿದ್ದೇನೆ, ದಪ್ಪ ಅಕ್ಷರದಲ್ಲಿ ಹಾಕಿ ಎಂದೂ ಹೇಳಿದ್ದೇನೆ: ಸಂಗೀತ, ರೇಣುಕಾ ಫಕೀರಪ್ಪ ಅರಳಿಕಟ್ಟಿ.